ಓಟಿಗೆ ಕರೆದೊಯ್ಯುವ ಕಾರು

ಥಾರ್ನ್‌ಗೇಟಿನಲ್ಲಿ ಚುನಾವಣೆ ಬಂತೆಂದರೆ ಎಡ್ನಾ ಪಿಕರ್ಸ್‌ಗಿಲ್ ಮನೆಯ ಮುಂದಿನ ಕೋಣೆಯಿಂದ ಸೋಫಾ ಎತ್ತಬೇಕು. ಗಂಡ ಸ್ಟ್ಯಾನ್ ಬದುಕಿದ್ದ ಕಾಲದಿಂದ ನಡೆದುಬಂದ ಕ್ರಮ ಅದು. ಸೋಫಾ ಹಿಂದಿನ ಕೋಣೆಗೆ ಹೋಗುತ್ತದೆ, ಮಡಚುವ ಮೇಜುಗಳು ಒಳಗೆ ಬರುತ್ತವೆ, ಕಿಟಕಿಗೆ ಪಕ್ಷದ ಪೋಸ್ಟರ್ ಅಂಟುತ್ತದೆ. ಅಲ್ಲಿಂದ ಮತದಾನ ಮುಗಿಯುವ ತನಕ ಆ ಮನೆ ಪಕ್ಷದ ಕಚೇರಿ. ಎಡ್ನಾ ಟೀ ಕಾಯಿಸುತ್ತಾಳೆ, ಮೊಟ್ಟೆಯ ಸ್ಯಾಂಡ್‌ವಿಚ್ ಮಾಡುತ್ತಾಳೆ, ಬಂದವರು ಚಪ್ಪರಿಸಿ ತಿಂದು ಅವಳ ಕಾರ್ಪೆಟ್ಟಿನ ಮೇಲೆ ಕೆಸರು ಬಿಟ್ಟು ಹೋಗುತ್ತಾರೆ.

ಈ ಸಲವೂ ಪಕ್ಷದ ಸ್ಥಳೀಯ ಕಾರ್ಯಕರ್ತ ಕ್ಲೈವ್ ಸಗ್ಡನ್ ಬಂದವನೇ ಏನೂ ಕೇಳಲಿಲ್ಲ. ಅಂಗಿಯ ತೋಳು ಮಡಚಿ ಸೋಫಾಕ್ಕೆ ಕೈ ಹಾಕಿದ.

"ಆಂಟಿ, ಆ ಕಡೆ ಹಿಡ್ಕೋಬೇಡಿ, ಸೊಂಟ ಹಿಡ್ಕೊಳ್ಳತ್ತೆ. ಕೆಟಲ್ ಇಡಿ ಸಾಕು," ಎಂದ.

ನಮ್ಮ ಪಾರ್ಲಿಮೆಂಟ್ ಸದಸ್ಯರಿಗೆ ಅವಧಿಯ ನಡುವೆಯೇ ಎಲ್ಲೋ ದೊಡ್ಡ ಹುದ್ದೆ ಸಿಕ್ಕಿತ್ತು. ಥಾರ್ನ್‌ಗೇಟನ್ನು ಅಲ್ಲೇ ಕೈಬಿಟ್ಟು ಹೊರಟರು, ಉಪಚುನಾವಣೆ ಬಂತು. ಪಕ್ಷದ ಕಡೆಯಿಂದ ಲೈಟು ಕಂಬ ನಿಲ್ಲಿಸಿದರೂ ಇಲ್ಲಿ ಗೆಲ್ಲುತ್ತದೆ ಎಂಬ ಮಾತಿತ್ತು. ಅದನ್ನು ಪರೀಕ್ಷೆ ಮಾಡಿಯೇ ನೋಡೋಣ ಎಂದೋ ಏನೋ, ಲಂಡನ್ನಿನವರು ಟ್ರಿಸ್ಟನ್ ಲೈಲ್ ಎಂಬಾತನನ್ನು ಕಳಿಸಿಕೊಟ್ಟರು. ಕೆಟ್ಟವನೇನಲ್ಲ. ಹಲ್ಲು ಚೆನ್ನಾಗಿತ್ತು. ಎಡ್ನಾಳ ಮನೆಯಲ್ಲಿ ಕೂತು ಎಡ್ನಾಳ ಟೀ ಕುಡಿಯುತ್ತಾ ಅವಳನ್ನು ಈನಿಡ್ ಎಂದು ಕರೆಯುತ್ತಿದ್ದ. ಅವಳು ಒಮ್ಮೆ ತಿದ್ದಿದಳು, ಎರಡನೇ ಸಲಕ್ಕೆ ಸುಮ್ಮನಾದಳು.

ಸುಮ್ಮನಾಗಲು ಬೇರೆ ಕಾರಣವೂ ಇತ್ತು. ಎಂಬತ್ತೊಂದು ವರ್ಷದ ಎಡ್ನಾ, ಇಡೀ ಆಯುಷ್ಯ ಒಂದೇ ಪಕ್ಷಕ್ಕೆ ಓಟು ಹಾಕಿದ ಎಡ್ನಾ, ಈ ಸಲ ಆ ಪಕ್ಷಕ್ಕೆ ಹಾಕುವುದಿಲ್ಲ ಎಂದು ತೀರ್ಮಾನ ಮಾಡಿಬಿಟ್ಟಿದ್ದಳು. ಕಿಟಕಿಯಲ್ಲಿ ಅವರ ಪೋಸ್ಟರ್, ಒಳಗೆ ಅವರ ಮೇಜು, ಒಲೆಯ ಮೇಲೆ ಅವರ ಟೀ, ಮನಸ್ಸಿನಲ್ಲಿ ಮಾತ್ರ ಇಫ್ರಾ ಜಾಮಾ.

ಇಫ್ರಾ ಮನೆಮನೆಗೆ ಬರುವ ನರ್ಸು. ಅವಳು ಚಿಕ್ಕವಳಿದ್ದಾಗ ಅವಳ ತಂದೆ ತಾಯಿ ಸೊಮಾಲಿಯಾದಿಂದ ಬಂದು ಇಲ್ಲೇ ಗಿರಣಿಯ ಹಿಂದಿನ ಸಾಲುಮನೆಗಳಲ್ಲಿ ನೆಲೆಸಿದ್ದರು. ಮಾತೆಲ್ಲ ಅಪ್ಪಟ ಥಾರ್ನ್‌ಗೇಟಿನದು. ಸ್ಟ್ಯಾನ್‌ನ ಕೊನೆಯ ಚಳಿಗಾಲದಲ್ಲಿ ಅವನ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಲು ದಿನಾ ಬೆಳಗ್ಗೆ ಬರುತ್ತಿದ್ದಳು. ಸ್ಟ್ಯಾನ್ ಹೋದ ದಿನ ಅವಳ ಕೆಲಸದ ಹೊತ್ತು ಮುಗಿದಿತ್ತು, ಆದರೂ ಕೋಟು ಬಿಚ್ಚಿಟ್ಟು ಅವನ ಮುಖ ಒರೆಸಿದಳು, ಕೂದಲು ಬಾಚಿದಳು, "ಬೈತಲೆ ಯಾವ ಕಡೆ ತೆಗೀತಿದ್ರು?" ಎಂದು ಎಡ್ನಾಳನ್ನು ಕೇಳಿದಳು. ಶವ ಒಯ್ಯುವವರು ಬರುವ ತನಕ ಅಡುಗೆಮನೆಯಲ್ಲಿ ಎಡ್ನಾಳ ಪಕ್ಕ ಕೂತಿದ್ದಳು. ಒಂದು ಸಲವೂ ಗಡಿಯಾರ ನೋಡಲಿಲ್ಲ. ಆ ಋಣ ಎಡ್ನಾಳ ಎದೆಯಲ್ಲಿ ಹಾಗೇ ಇತ್ತು.

ಅದಾದ ಮೇಲೆ ನಗರಸಭೆ ಮಿಲ್ ಲೇನಿನ ದವಾಖಾನೆ ಮುಚ್ಚಿತು. ನಗರಸಭೆಯಲ್ಲಿ ಕೂತಿದ್ದದ್ದು ಇದೇ ಪಕ್ಷ. ಮುದುಕರು ಪಟ್ಟಿ ಬದಲಿಸಿಕೊಳ್ಳಲು ಎರಡು ಬಸ್ಸು ಹಿಡಿಯಬೇಕಾಯಿತು. ಇಫ್ರಾ ಅರ್ಜಿ ಕೊಟ್ಟಳು, ನಗರಸಭೆಯ ಮೆಟ್ಟಿಲ ಮೇಲೆ ಧರಣಿ ಕೂತಳು, ಕೊನೆಗೆ ರೋಸಿಹೋಗಿ ಉಪಚುನಾವಣೆಗೆ ಪಕ್ಷೇತರಳಾಗಿ ನಿಂತಳು. ಊರೆಲ್ಲ ನಕ್ಕಿತು. ಠೇವಣಿ ಕಳ್ಕೊಳ್ತಾಳೆ ಪಾಪ ಎಂದು ಕ್ಲೈವ್ ಕೂಡ ಮರುಗಿದ.

ಎಡ್ನಾ ವಾಸವಿದ್ದ ಆಲ್ಮಾ ಬೀದಿಗೆ ಅವಳು ಓಟು ಕೇಳಲು ಬಂದ ದಿನ ಎಡ್ನಾ ಪರದೆಯ ಹಿಂದೆ ನಿಂತು ನೋಡುತ್ತಿದ್ದಳು. ಇಫ್ರಾ ಒಂದೊಂದೇ ಬಾಗಿಲು ತಟ್ಟುತ್ತಾ ಬಂದಳು. ಎಡ್ನಾಳ ಗೇಟಿಗೆ ಕೈ ಇಟ್ಟವಳು ಪೋಸ್ಟರ್ ನೋಡಿ ಕೈ ತೆಗೆದು ಮುಂದಿನ ಮನೆಯತ್ತ ಹೆಜ್ಜೆ ಹಾಕಿದಳು. ಎಡ್ನಾ ಕಿಟಕಿಯ ಗಾಜನ್ನು ಉಂಗುರದಿಂದ ಕುಟ್ಟಿ, ಬಾಗಿಲು ತೆರೆದಳು.

"ಏನಮ್ಮಾ, ನನ್ನ ಮನೆಗೇನು ದೆವ್ವ ಹಿಡಿದಿದ್ಯಾ? ದಾಟ್ಕೊಂಡು ಹೋಗ್ತಿದೀಯ?"

"ಪೋಸ್ಟರ್ ನೋಡ್ದೆ, ಮಿಸೆಸ್ ಪಿಕರ್ಸ್‌ಗಿಲ್. ಸುಮ್ನೆ ನಿಮಗ್ಯಾಕೆ ಮುಜುಗರ ಅಂತ."

"ಪೋಸ್ಟರ್ ಕಿಟಕಿದು. ಓಟು ನಂದು. ಕೇಳು."

"ಏನ್ ಕೇಳ್ಲಿ?"

"ಓಟು ಕೇಳೋಕೆ ತಾನೆ ಈ ಚಳೀಲಿ ಹೊರಟಿರೋದು? ಕೇಳು ಮತ್ತೆ. ನನ್ನನ್ನ ಇದುವರೆಗೂ ಒಂದು ನರಪಿಳ್ಳೇನೂ ಕೇಳಿಲ್ಲ. ಸ್ಟ್ಯಾನ್ ಕೂಡ ಕೇಳ್ಲಿಲ್ಲ. ಇವಳು ನಮ್ಮೋಳೇ ಅಂತ ಬಿಟ್ಬಿಟ್ರು."

ಇಫ್ರಾ ನಾಚಿಕೊಂಡಳು. ಪಟ್ಟಿ ಬಿಚ್ಚಿ ಕೀವು ಒರೆಸಲು ನಾಚದವಳು, ಇದಕ್ಕೆ ನಾಚಿಕೊಂಡಳು. ಕೊನೆಗೆ, "ನಿಮ್ಮ ಓಟು ನನಗೆ ಕೊಡ್ತೀರಾ?" ಎಂದಳು.

"ಕೊಡ್ತೀನಿ," ಎಂದಳು ಎಡ್ನಾ. ಬಾಗಿಲು ಹಾಕಿಕೊಂಡು ಒಳಗೆ ಬಂದವಳು ಪಕ್ಷದ ಮೇಜುಗಳನ್ನು ನೋಡಿದಳು. ಕ್ಲೈವ್‌ಗೆ ಏನು ಹೇಳುವುದು?

ಕ್ಲೈವ್ ಅವಳಿಗೆ ಪಕ್ಷದವನಷ್ಟೇ ಆಗಿದ್ದರೆ ಚಿಂತೆ ಇರಲಿಲ್ಲ. ಬಸ್ ಡಿಪೋದಲ್ಲಿ ಕಸ ಗುಡಿಸುತ್ತಿದ್ದ ಹದಿನೇಳರ ಹುಡುಗನನ್ನು ಸ್ಟ್ಯಾನ್ ಮನೆಗೆ ಕರೆತಂದಿದ್ದ. ಆಗ ಬಾಯಿಗೆ ಬಂದ 'ಆಂಟಿ' ಅರವತ್ತಾದರೂ ಹೋಗಿರಲಿಲ್ಲ. ಪಕ್ಷವೆಂದರೆ ಅವನಿಗೆ ಹುಚ್ಚು. ತನ್ನ ಮದುವೆಯ ದಿನ ನಗರಸಭೆಯ ಮತದಾನವಿತ್ತೆಂದು ಸೂಟಿನಲ್ಲೇ ಮತಗಟ್ಟೆಗೆ ಓಡಿದವನು. ಸ್ಟ್ಯಾನ್ ಹೋದ ಮೇಲೆ ಎಡ್ನಾಳಿಗೆ ಮಕ್ಕಳಿಲ್ಲ, ಮರಿಯಿಲ್ಲ, ಇದ್ದವನು ಇವನೊಬ್ಬ. ಪ್ರತಿ ಶನಿವಾರ ಕಾರು ತಂದು ಅವಳನ್ನು ಮಾರ್ಕೆಟ್ಟಿಗೆ ಕರೆದೊಯ್ಯುತ್ತಿದ್ದ. ಆಲೂಗಡ್ಡೆ ಹೊರುತ್ತಿದ್ದ, ಬಲ್ಬು ಬದಲಿಸುತ್ತಿದ್ದ, ಮೀನು ಮಾರುವವನ ಹತ್ತಿರ ಅವಳ ಪರವಾಗಿ ಜಗಳವಾಡುತ್ತಿದ್ದ. ವಾರದಲ್ಲಿ ಅವಳು ಮಾತಾಡುತ್ತಿದ್ದ ಮಾತಿನಲ್ಲಿ ಮುಕ್ಕಾಲು ಪಾಲು ಆ ಒಂದು ದಿನದ್ದು. ಓಟಿನ ವಿಷಯ ತಿಳಿದರೆ ಆ ಶನಿವಾರ ಹೋಯಿತು ಎಂದೇ ಅವಳು ಹೆದರಿದಳು.

ಗುರುವಾರ ಮತದಾನ. ಬೆಳಗಿನಿಂದಲೇ ಹಿಮ ಬೆರೆತ ತುಂತುರು. ಮುಂದಿನ ಕೋಣೆಯಲ್ಲಿ ಕ್ಲೈವ್ ಮದುವೆ ಮನೆಯ ಯಜಮಾನನ ಹಾಗೆ ಓಡಾಡುತ್ತಿದ್ದ. ಕಾರುಗಳ ಉಸ್ತುವಾರಿ ಅವನದು: ನಡೆಯಲಾರದ ತಮ್ಮ ಮತದಾರರನ್ನು ಮನೆಯಿಂದ ಮತಗಟ್ಟೆಗೆ ಕರೆದೊಯ್ದು ವಾಪಸು ಬಿಡುವುದು. ಪ್ರತಿ ಕಾರಿನ ಮೂತಿಗೂ ಪಕ್ಷದ ಬಣ್ಣದ ರಿಬ್ಬನ್ನು.

"ಆಲ್ಮಾ ಬೀದೀಲಿ ಯಾರೂ ಕ್ಯಾನ್ವಾಸ್ ಮಾಡಿಲ್ಲವಲ್ಲ?" ಎಂದು ಲಂಡನ್ನಿನಿಂದ ಬಂದಿದ್ದ ಹುಡುಗಿಯೊಬ್ಬಳು ಕೇಳಿದಳು.

"ನಿನ್ನ ಮನೇಲಿ ನೀನು ಬಾಗಿಲು ತಟ್ತೀಯೇನಮ್ಮಾ? ಅದು ನಮ್ಮ ಬೀದಿ. ಕಾರು ಕಳ್ಸು, ಅಷ್ಟೇ. ಬೇರೆ ಕಡೆ ಕಾಲು ಸವೆಸು," ಎಂದ ಕ್ಲೈವ್.

ಕಾರು ಹೋಯಿತು. ಹೋದದ್ದು ಖಾಲಿ ಬರಲಿಲ್ಲ. ಆಲ್ಮಾ ಬೀದಿಯ ಮುದುಕ ಮುದುಕಿಯರೆಲ್ಲ ಶಾಲು ಹೊದ್ದು, ತುಟಿಗೆ ಬಣ್ಣ ಹಚ್ಚಿ, ಸಾಲಾಗಿ ಹೊರಟರು. ಆಮ್ಲಜನಕದ ಸಿಲಿಂಡರ್ ಇಟ್ಟುಕೊಂಡಿದ್ದ ಹೆಪ್‌ವರ್ತ್‌ನನ್ನು ಕ್ಲೈವ್ ತಾನೇ ಎತ್ತಿ ಸೀಟಿನಲ್ಲಿ ಕೂರಿಸಿದ. "ನೋಡಿದ್ರಾ ಆಂಟಿ? ಸತ್ತೋರೂ ಎದ್ದು ಬಂದು ನಮಗೇ ಹಾಕ್ತಾರೆ!" ಎಂದು ಕೂಗಿದ. ಎಡ್ನಾ ಟೀ ಬಗ್ಗಿಸುತ್ತಾ ತಲೆ ತಗ್ಗಿಸಿದಳು. ಓಟನ್ನೇ ಹಾಕದೆ ಇದ್ದುಬಿಟ್ಟರೆ? ಸೊಂಟ ನೋಯುತ್ತಿದೆ ಎಂದರೆ ನಂಬದವರಿಲ್ಲ. ಆದರೆ ಕೇಳಿದವಳಿಗೆ ಕೊಡುತ್ತೇನೆ ಎಂದು ಬಾಯಿಬಿಟ್ಟು ಹೇಳಿಯಾಗಿತ್ತು.

ಸಂಜೆ ದೀಪ ಹತ್ತಿದ ಮೇಲೆ ಕ್ಲೈವ್ ಕಾರಿನ ಬೀಗದಕೈ ಕುಣಿಸುತ್ತಾ ಅಡುಗೆಮನೆಗೆ ಬಂದ.

"ಏಳಿ ಆಂಟಿ. ನಿಮ್ಮನ್ನ ಬೇರೆಯವರ ಕೈಗೆ ಕೊಡೋದಿಲ್ಲ, ನಾನೇ ಕರ್ಕೊಂಡು ಹೋಗ್ತೀನಿ."

ಅವಳು ಕೋಟು ಹಾಕಿಕೊಂಡಳು. ಅವನು ತೋಳು ಕೊಟ್ಟು ಮೆಟ್ಟಿಲು ಇಳಿಸಿ ಕೂರಿಸಿದ. ಕಾರು ಹೊರಟಿತು. ಎದುರಿಗೆ, ಬಾನೆಟ್ಟಿನ ಮೇಲೆ ಆ ರಿಬ್ಬನ್ನು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಮೀನು ಚಿಪ್ಸಿನ ಅಂಗಡಿ ಬರುವಷ್ಟರಲ್ಲಿ ಎಡ್ನಾಳಿಗೆ ತಡೆಯಲಾಗಲಿಲ್ಲ.

"ಕ್ಲೈವ್, ಗಾಡಿ ನಿಲ್ಸು."

"ಏನಾಯ್ತು? ಪರ್ಸ್ ಮರೆತ್ರಾ?"

"ಈ ಕಾರಲ್ಲಿ ನಾನು ಬರೋ ಹಾಗಿಲ್ಲ ಕಣೋ. ನಾನು ನಿಮಗೆ ಓಟು ಹಾಕ್ತಿಲ್ಲ."

ಅವನು ಗಾಡಿಯನ್ನು ಪಕ್ಕಕ್ಕೆ ತೆಗೆದುಕೊಂಡ. ಗಾಜು ಒರೆಸುವ ಕಡ್ಡಿ ಆ ಕಡೆ ಈ ಕಡೆ ಆಡುತ್ತಿತ್ತು.

"ಮತ್ಯಾರಿಗೆ?"

"ನರ್ಸಿಗೆ."

"ಇಫ್ರಾಗಾ?"

"ಹೂಂ. ನಿನ್ನ ಟೀ ಕಾಯ್ಸಿದೀನಿ, ನಿನ್ನ ಪೋಸ್ಟರ್ ಇಟ್ಕೊಂಡಿದೀನಿ, ಆದ್ರೆ ನಿನ್ನ ಕಾರಲ್ಲಿ ಕೂತು ಹೋಗಿ ನಿನ್ನ ಬೆನ್ನಿಗೇ ಚೂರಿ ಹಾಕೋದು ನನ್ನ ಕೈಲಾಗಲ್ಲ. ಬಾಗಿಲು ತೆಗಿ. ನಡ್ಕೊಂಡು ಹೋಗ್ತೀನಿ."

ಕ್ಲೈವ್ ಇಳಿದ. ಅವಳ ಕಡೆಯ ಬಾಗಿಲು ತೆಗೆಯುತ್ತಾನೆ ಎಂದು ಎಡ್ನಾ ಕೋಲು ಹಿಡಿದು ಸಿದ್ಧವಾದಳು. ಅವನು ಬರಲಿಲ್ಲ. ಕಾರಿನ ಮುಂದೆ ಬೆನ್ನು ಮಾಡಿ ತುಂತುರಿನಲ್ಲಿ ತುಸು ಹೊತ್ತು ನಿಂತ. ಆಮೇಲೆ ಬಗ್ಗಿ ರಿಬ್ಬನ್ನಿನ ಗಂಟು ಬಿಚ್ಚಿದ. ಒದ್ದೆಯಾದ ಗಂಟು, ಹಲ್ಲು ಹಾಕಬೇಕಾಯಿತು. ಹಿಂದಿನ ಗಾಜಿನ ಪೋಸ್ಟರನ್ನು ಕಿತ್ತು, ಎರಡನ್ನೂ ಡಿಕ್ಕಿಯಲ್ಲಿ ಹಾಕಿ, ವಾಪಸು ಬಂದು ಕೂತ.

"ಈಗ ಇದು ಪಕ್ಷದ ಕಾರಲ್ಲ, ನನ್ನ ಕಾರು. ಕೂತ್ಕೊಳ್ಳಿ ನೆಟ್ಟಗೆ," ಎಂದ.

ಶಾಲೆಯ ಹಾಲ್‌ನಲ್ಲಿ ಮತಗಟ್ಟೆ. ಬಾಗಿಲಲ್ಲಿ ಕೂತಿದ್ದ ಪಕ್ಷದ ಹೆಂಗಸು ಎಡ್ನಾಳನ್ನು ಕಂಡು ಮುಖ ಅರಳಿಸಿ, ನಮ್ಮದೊಂದು ಬಂತು ಎಂದು ಗುರುತು ಹಾಕಿಕೊಂಡಳು. ಕ್ಲೈವ್ ಅದನ್ನು ನೋಡಿದ. ನೋಡಿ ಬೇರೆ ಕಡೆ ತಿರುಗಿಕೊಂಡ. ಎಡ್ನಾ ಒಳಗೆ ಹೋಗಿ, ದಾರ ಕಟ್ಟಿದ ಪೆನ್ಸಿಲ್ಲು ಹಿಡಿದು, ಇಫ್ರಾಳ ಹೆಸರಿನ ಎದುರಿಗೆ ಓಟಿನ ಕತ್ತರಿ ಗುರುತು ಹಾಕಿ ಬಂದಳು. ಕ್ಲೈವ್ ಅವಳನ್ನು ವಾಪಸು ಕರೆತಂದ. ಮನೆಯ ಹತ್ತಿರ, "ಮೆಟ್ಟಿಲು ಜಾರತ್ತೆ, ಹುಷಾರು," ಎಂದಷ್ಟೇ ಅವನು ಹೇಳಿದ್ದು.

ಶುಕ್ರವಾರ ಬೆಳಗ್ಗೆ ಎಣಿಕೆ. ಎಡ್ನಾ ರೇಡಿಯೋ ಮುಂದೆ ಕೂತಳು. ಬೆಳಗಿನ ತಿಂಡಿಯ ಹೊತ್ತಿಗೆ ರೇಡಿಯೋದವನು ಆಕಳಿಸುತ್ತಾ ಮಾತಾಡುತ್ತಿದ್ದ, ಹತ್ತು ಗಂಟೆಗೆ ಅವನ ದನಿ ಏರಿತು, ಹನ್ನೊಂದಕ್ಕೆ ಕಿರುಚುತ್ತಿದ್ದ. ಎರಡನೇ ಸಲ ಎಣಿಸಿದರು. ಇಫ್ರಾ ಜಾಮಾ ಐವತ್ತಕ್ಕಿಂತ ಕಡಿಮೆ ಓಟಿನಿಂದ ಗೆದ್ದಿದ್ದಳು. ಲೈಟು ಕಂಬ ಬಿದ್ದಿತ್ತು. ಗೆದ್ದವರು ಎಲ್ಲರೂ ಮಾಡುವ ಹಾಗೆ ಇಫ್ರಾ ಚುನಾವಣಾಧಿಕಾರಿಗೆ, ಪೊಲೀಸರಿಗೆ, ಎಣಿಸಿದವರಿಗೆ ವಂದನೆ ಹೇಳಿದಳು. ಆಮೇಲೆ, "ನನಗೆ ಬಾಗಿಲು ತೆರೆದ ಎಲ್ಲರಿಗೂ..." ಎಂದಳು, ಉಳಿದದ್ದು ಚಪ್ಪಾಳೆಯಲ್ಲಿ ಕೇಳಿಸಲಿಲ್ಲ. ಎಡ್ನಾ ಅಡುಗೆಮನೆಯಲ್ಲಿ ಒಬ್ಬಳೇ ಅತ್ತಳು. ಸಂತೋಷಕ್ಕೇ ಅತ್ತದ್ದು.

ಮಧ್ಯಾಹ್ನ ಯಾರೋ ಗುರುತಿಲ್ಲದ ಇಬ್ಬರು ಬಂದು ಮೇಜುಗಳನ್ನು ಹೊತ್ತುಕೊಂಡು ಹೋದರು. ಸೋಫಾವನ್ನು ಅಡ್ಡಾದಿಡ್ಡಿ ಇಟ್ಟರು. ಕ್ಲೈವ್ ಬರಲಿಲ್ಲ. ಶನಿವಾರ ಎಡ್ನಾ ಕೋಟು ಹಾಕಿಕೊಂಡು, ಚೀಲ ತೊಡೆಯ ಮೇಲಿಟ್ಟುಕೊಂಡು ಕಾದಳು. ಅವನು ಬರುವ ಹೊತ್ತು ಬಂತು, ಹೋಯಿತು. ಬೀದಿಯಲ್ಲಿ ಯಾವ ಕಾರಿನ ಸದ್ದಾದರೂ ಕತ್ತು ಎತ್ತುತ್ತಿದ್ದಳು. ಕೊನೆಗೆ ಚೀಲ ಕೆಳಗಿಟ್ಟು ಕೋಲು ಹಿಡಿದಳು.

ಕ್ಲೈವ್‌ನ ಮನೆ ಮೂರು ಬೀದಿ ಆಚೆ, ಏರು ದಾರಿ. ಎರಡು ಕಡೆ ಗೋಡೆ ಹಿಡಿದು ನಿಲ್ಲಬೇಕಾಯಿತು. ಬಾಗಿಲು ತೆರೆದವಳು ಅವನ ಹೆಂಡತಿ ಬೆರಿಲ್.

"ಅಯ್ಯೋ, ಎಡ್ನಾ! ಬನ್ನಿ. ಒಳಗಿದಾನೆ. ನಿನ್ನೆಯಿಂದ ಗೋಡೆ ಜೊತೆ ಮಾತಾಡ್ತಿದಾನೆ, ಗೋಡೆಗೂ ಸಾಕಾಗಿದೆ."

ಕ್ಲೈವ್ ಗಡ್ಡ ಬಿಟ್ಟುಕೊಂಡು ಅಡುಗೆಮನೆಯ ಮೇಜಿಗೆ ಒರಗಿದ್ದ. ಅವಳನ್ನು ಕಂಡು ದಿಗ್ಗನೆ ಎದ್ದ.

"ಹೇಗೆ ಬಂದ್ರಿ?"

"ನಡ್ಕೊಂಡು."

"ಆ ಸೊಂಟ ಇಟ್ಕೊಂಡು? ತಲೆ ಕೆಟ್ಟಿದ್ಯಾ ನಿಮಗೆ?"

"ಕೂತ್ಕೋಬಹುದಾ ಮೊದ್ಲು?" ಎಂದು ಎಡ್ನಾ ಕೂತಳು. ಉಸಿರು ಸಮವಾಗಲಿ ಎಂದು ಕಾದಳು. "ನಾನು ತಪ್ಪಾಯ್ತು ಅನ್ನೋಕೆ ಬಂದಿಲ್ಲ ಕ್ಲೈವ್. ಓಟು ಹಾಕಿದ್ದಕ್ಕೆ ನನಗೆ ಬೇಜಾರಿಲ್ಲ. ಥ್ಯಾಂಕ್ಸ್ ಹೇಳೋಕೆ ಬಂದೆ. ಗೊತ್ತಿದ್ದೂ ಗೊತ್ತಿದ್ದೂ ನನ್ನನ್ನ ಕರ್ಕೊಂಡು ಹೋದೆಯಲ್ಲ, ಅದಕ್ಕೆ. ಅಷ್ಟೇ ಅಲ್ಲ. ಸ್ಟ್ಯಾನ್ ಹೋದ್ಮೇಲೆ ನೀನು ಬರದೇ ಇದ್ದಿದ್ರೆ ನಾನೂ ಅವನ ಹಿಂದೇನೇ ಹೋಗಿರ್ತಿದ್ದೆ. ಇದನ್ನ ಯಾವತ್ತೂ ಹೇಳಿರ್ಲಿಲ್ಲ. ಇನ್ಮೇಲೆ ನೀನು ಬರ್ತೀಯೋ ಇಲ್ವೋ, ಹೇಳ್ಬಿಡೋಣ ಅಂತ ಬಂದೆ."

ಕ್ಲೈವ್ ಕೂತ. ಮೇಜಿನ ಮೇಲಿದ್ದ ಚಮಚವನ್ನು ತಿರುಗಿಸಿ ತಿರುಗಿಸಿ ಇಟ್ಟ.

"ನಂಗೆ ಸಿಟ್ಟು ಬಂದಿದೆ ಆಂಟಿ."

"ಗೊತ್ತು."

"ಗೊತ್ತಿಲ್ಲ ನಿಮಗೆ. ನಿನ್ನೆ ಆಲ್ಮಾ ಬೀದಿ ಪೆಟ್ಟಿಗೆ ತೆಗೆದಾಗ ನಾನು ಎದುರಿಗೇ ನಿಂತಿದ್ದೆ. ಒಂದೊಂದೇ ಮಡಿಕೆ ಬಿಚ್ತಾರೆ, ಒಂದೊಂದೂ ಇಫ್ರಾ. ಇಫ್ರಾ, ಇಫ್ರಾ, ನಮಗೊಂದು, ಮತ್ತೆ ಇಫ್ರಾ. ಯಾರು ಅವರನ್ನ ಅಲ್ಲಿಗೆ ಕರ್ಕೊಂಡು ಹೋಗಿದ್ದು? ನನ್ನ ಕಾರು! ಬೆಳಗ್ಗಿಂದ ಸಂಜೆವರೆಗೂ ಪೆಟ್ರೋಲ್ ಸುಟ್ಟು, ಬೀದಿಗೆ ಬೀದೀನೇ ಹೊತ್ತು ಹಾಕಿದೀನಿ ಅವಳ ಪೆಟ್ಟಿಗೆಗೆ. ಆ ಹೆಪ್‌ವರ್ತ್! ಮಗು ಎತ್ಕೊಂಡ ಹಾಗೆ ಎತ್ಕೊಂಡಿದ್ದೆ. 'ಯಾವತ್ತೂ ನಿಮ್ಮ ಕಡೇನೇ ಕ್ಲೈವ್' ಅಂತ ಕೆನ್ನೆ ತಟ್ಟಿದ. ಎಲ್ಲರೂ ಹಾಗೇ ಅಂದ್ರು. ನಕ್ಕೊಂಡು ಕೂತ್ರು, ನಕ್ಕೊಂಡು ಇಳಿದ್ರು."

ಬೆರಿಲ್ ನಗು ತಡೆಯಲಾರದೆ ಒಲೆಯ ಕಡೆ ತಿರುಗಿದಳು. ಎಡ್ನಾಳಿಗೂ ಬಂತು, ಆದರೆ ಅವನ ಕಣ್ಣು ನೋಡಿ ನುಂಗಿಕೊಂಡಳು.

"ಇಡೀ ಬೀದೀಲಿ ಒಬ್ರೇ ಒಬ್ರು ನನಗೆ ನಿಜ ಹೇಳಿದ್ದು," ಎಂದ ಕ್ಲೈವ್. "ನೀವು."

ಮೂರು ದಿನದಿಂದ ಎಡ್ನಾ ತಾನು ಮಾಡಿದ್ದು ದ್ರೋಹ ಎಂದೇ ತಿಳಿದಿದ್ದಳು.

"ನಿಜ ಹೇಳ್ಲಾ?" ಎಂದ ಕ್ಲೈವ್. "ಆ ಚಿಪ್ಸ್ ಅಂಗಡಿ ಮುಂದೆ ಇಳಿದೆನಲ್ಲ, ಗಾಡಿ ಕೆಟ್ಟೋಯ್ತು ಅಂತ ಹೇಳೋಕೆ ಇಳಿದಿದ್ದು. ನಿಮ್ಮನ್ನ ಮನೆಗೆ ವಾಪಸ್ ನಡೆಸ್ಕೊಂಡು ಹೋಗಿ ಬಿಟ್ಬಿಡೋಣ, ಒಂದು ಓಟು ಕಮ್ಮಿ ಆಗತ್ತೆ ಅಂತ. ಮುಖಕ್ಕೆ ತಣ್ಣಗೆ ನೀರು ಬಿತ್ತು. ಅಷ್ಟರಲ್ಲಿ ನನ್ಮೇಲೆ ನನಗೇ ಹೇಸಿಗೆ ಆಯ್ತು. ಥ್ಯಾಂಕ್ಸ್ ಹೇಳೋಕೆ ಬಂದಿದೀರಿ. ನಾನು ಅಷ್ಟು ದೊಡ್ಡೋನಲ್ಲ."

"ಕೊನೆಗೆ ಕರ್ಕೊಂಡು ಹೋದ್ಯೋ ಇಲ್ವೋ?"

"ಹೋದೆ."

"ಹಾಗಾದ್ರೆ ಥ್ಯಾಂಕ್ಸ್ ಇಸ್ಕೋ, ಬಾಯ್ಮುಚ್ಕೊಂಡು."

ಬೆರಿಲ್ ಟೀ ತಂದಿಟ್ಟಳು. ಮೂವರೂ ಕುಡಿದರು. ಲಂಡನ್ನಿನವರು ಫೋನು ಮಾಡಿ ಅವನನ್ನು ಬಾಯಿಗೆ ಬಂದ ಹಾಗೆ ಬೈದಿದ್ದರಂತೆ. ಟ್ರಿಸ್ಟನ್ ಮಾತ್ರ ಹೊರಡುವ ಮುಂಚೆ ಈನಿಡ್‌ಗೆ ನಮಸ್ಕಾರ ತಿಳಿಸಲು ಹೇಳಿದ್ದನಂತೆ. ಇದಕ್ಕೆ ಕ್ಲೈವ್‌ನೇ ಮೊದಲು ನಕ್ಕ, ಬೇಡಬೇಡವೆಂದರೂ ನಗು ಬಂತು ಅವನಿಗೆ. ಆಮೇಲೆ ಗಡಿಯಾರ ನೋಡಿ ಎದ್ದ, ಕೋಟು ತೆಗೆದುಕೊಂಡ.

"ಮೀನಿನೋನು ಒಂದು ಗಂಟೆಗೆ ಮುಚ್ತಾನೆ. ಏಳಿ."

"ಸಿಟ್ಟು ಹೋಯ್ತಾ?"

"ಎಲ್ಲಿ ಹೋಗತ್ತೆ? ಬುಧವಾರದ ತನಕ ಇರತ್ತೆ."

"ಮತ್ತೆ, ಸಿಟ್ಟಿಟ್ಕೊಂಡೇ ಕರ್ಕೊಂಡು ಹೋಗ್ತೀಯಾ?"

"ಅದು ಹಿಂದಿನ ಸೀಟಲ್ಲಿ ಕೂತ್ಕೊಳ್ಳತ್ತೆ. ನೀವು ಮುಂದೆ ಬನ್ನಿ," ಎಂದ ಕ್ಲೈವ್.

ಅವನು ತೋಳು ಕೊಟ್ಟ. ಎಡ್ನಾ ಅದನ್ನು ಹಿಡಿದು ಮೆಟ್ಟಿಲು ಇಳಿದಳು. ಕಾರಿನಲ್ಲಿ ಇಬ್ಬರೂ ಕೂತ ಮೇಲೆ ಅವಳು ಮತ್ತೆ ಆ ತೋಳು ಹಿಡಿದುಕೊಂಡಳು. ದೇವರೇ, ಇಬ್ಬರನ್ನೂ ಉಳಿಸಿಕೊಟ್ಟೆಯಲ್ಲ, ಇಫ್ರಾಳನ್ನೂ ಇವನನ್ನೂ, ಎಂದು ಮನಸ್ಸಿನಲ್ಲೇ ಕೈಮುಗಿದಳು. ಕ್ಲೈವ್ ಹುಬ್ಬು ಗಂಟಿಕ್ಕಿಕೊಂಡೇ, "ತೋಳು ಬಿಡಿ ಆಂಟಿ, ಗೇರ್ ಹಾಕ್ಬೇಕು," ಎಂದ.